ಏರಿಸುವವರು ಯಾರು, ಇಳಿಸುವವರು ಯಾರು?

ಬಿ.ಎ. ಎರಡನೇ ವರ್ಷದ ಪರೀಕ್ಷೆಯಲ್ಲಿ ಹದಿನೈದು ಅಂಕದ ಪ್ರಶ್ನೆ ಬಂದಿತ್ತು: ಅಧ್ಯಕ್ಷೀಯ ಮತ್ತು ಸಂಸದೀಯ ಪದ್ಧತಿಗಳನ್ನು ಹೋಲಿಸಿ, ಅಭಿವೃದ್ಧಿಶೀಲ ರಾಷ್ಟ್ರಕ್ಕೆ ಯಾವುದು ಸೂಕ್ತವೆಂದು ವಿವೇಚಿಸಿ. ನೋಟ್ಸಿನಲ್ಲಿ ಇದ್ದದ್ದನ್ನೇ ಇಳಿಸಿದೆ. ಎಡಕ್ಕೆ ಗುಣಗಳು, ಬಲಕ್ಕೆ ದೋಷಗಳು. ಅಧ್ಯಕ್ಷೀಯ ಪದ್ಧತಿಯಲ್ಲಿ ಸ್ಥಿರತೆ ಜಾಸ್ತಿ, ತೀರ್ಮಾನ ಚುರುಕು. ಸಂಸದೀಯ ಪದ್ಧತಿಯಲ್ಲಿ ಹೊಣೆಗಾರಿಕೆ ಜಾಸ್ತಿ, ಆದರೆ ಸರ್ಕಾರ ಯಾವಾಗ ಬೀಳುತ್ತೋ ಹೇಳೋಕಾಗಲ್ಲ. ಒಳ್ಳೆ ಅಂಕವೇ ಬಂತು. ಆ ನಾಲ್ಕು ಪುಟದಲ್ಲಿ ಜಾತಿ ಅನ್ನೋ ಪದ ಒಂದು ಸಲವೂ ಇರಲಿಲ್ಲ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವನು ನಾನು. ದಿನಾ ಕೇರಿಯಿಂದ ನಡೆದು ಬಂದು ಊರ ಮುಂದೆ ಬಸ್ಸು ಹತ್ತುತ್ತಿದ್ದವನು, ದೇಶ ಆಳೋ ಪದ್ಧತಿ ಬಗ್ಗೆ ಬರೆಯುವಾಗ ಊರನ್ನೂ ಮರೆತಿದ್ದೆ, ಕೇರಿಯನ್ನೂ ಮರೆತಿದ್ದೆ.

ಅದೇ ವರ್ಷ ನಮ್ಮ ಕಡೆಯ ಒಂದು ಪಂಚಾಯ್ತಿಯಲ್ಲಿ, ನನಗೆ ಚಿಕ್ಕವ್ವ ಆಗಬೇಕಾದವಳು ಮೀಸಲಾತಿಯಲ್ಲಿ ಅಧ್ಯಕ್ಷೆಯಾಗಿದ್ದಳು. ಕೂಲಿಗೆ ಹೋಗೋ ಹೆಂಗಸು. ಸಹಿ ಮಾಡೋದನ್ನ ಅಧ್ಯಕ್ಷೆಯಾದ ಮೇಲೆ ಕಲಿತಳು. ಕಲಿತವಳು ಸುಮ್ಮನಿರಲಿಲ್ಲ, ಒಂದು ಚರಂಡಿ ಬಿಲ್ಲಿಗೆ ಸಹಿ ಹಾಕೋ ಮುಂಚೆ, ಚರಂಡಿ ಎಲ್ಲಿದೆ ತೋರಿಸಿ ಅಂದಳು. ಅವಿಶ್ವಾಸ ತರೋಕೆ ಕಾಯ್ದೆಯಲ್ಲಿ ಒಂದು ಗಡುವು ಇರುತ್ತೆ. ಆ ಗಡುವು ಮುಗಿದ ವಾರವೇ ಮೆಂಬರುಗಳು ಸಹಿ ಹಾಕಿ ಅವಳನ್ನು ಇಳಿಸಿದರು. ಮೀಸಲಾತಿಗೆ ಭಂಗ ಬರಲಿಲ್ಲ. ಅವಳ ಜಾಗಕ್ಕೆ ನಮ್ಮವಳೇ ಇನ್ನೊಬ್ಬಳನ್ನ ಕೂರಿಸಿದರು, ಚರಂಡಿ ಕೇಳದವಳನ್ನ. ನಾನು ನನ್ನ ರಾಜ್ಯಶಾಸ್ತ್ರವನ್ನೆಲ್ಲ ತೆಗೆದು, "ಇದು ಸಂಸದೀಯ ಪದ್ಧತಿ ಚಿಕ್ಕವ್ವ, ಬಹುಮತ ಇಲ್ಲದಿದ್ರೆ ಇಳೀಲೇಬೇಕು" ಅಂತ ವಿವರಿಸೋಕೆ ಹೋದೆ. ಅವಳು ಅಂದಳು: "ನನ್ನ ಮೆಂಬರು ಮಾಡ್ದೋರು ಕೇರಿಯೋರು ಕಣ್ಮಗ. ಕುರ್ಚಿ ಮೇಲೆ ಏರ್ಸ್ದೋರು ಊರೋರು. ಇಳಿಸ್ದೋರೂ ಊರೋರೆ. ಇದ್ರಲ್ಲಿ ಕೇರಿಯೋರು ಎಲ್ಲಿದ್ರು?"

ಹದಿನೈದು ಅಂಕದ ಪ್ರಶ್ನೆಗೆ ಬೇಕಾಗಿದ್ದ ಅಳತೆಗೋಲು ಇದು. ಏರಿಸುವವರು ಯಾರು, ಇಳಿಸುವವರು ಯಾರು? ಎರಡೂ ಪದ್ಧತಿಗಳನ್ನು ನಾನು ಇಲ್ಲಿ ಈ ಕೋಲಿನಿಂದಲೇ ಅಳೆಯುತ್ತೇನೆ.

ಮೊದಲು, ಅಧ್ಯಕ್ಷೀಯ ಪದ್ಧತಿ ಬೇಕು ಅನ್ನೋರ ಮಾತು. ಇದು ಜಗಲಿ ಮಾತಾಗಿ ಎಲ್ಲ ಕಡೆ ಕೇಳಿಸುತ್ತೆ: "ಈ ದೇಶಕ್ಕೆ ಒಬ್ಬ ಗಟ್ಟಿಗ ಬೇಕು. ನೂರು ಜನ ಮಾತಾಡಿದ್ರೆ ಕೆಲಸ ಆಗಲ್ಲ." ಇದನ್ನು ಹೇಳುವವರು ಯಾವ ಜಗಲಿ ಮೇಲೆ ಕೂತಿದ್ದಾರೆ ಅಂತ ನೋಡಿಕೊಳ್ಳಿ. ಕೇರಿಯವರಿಗೆ ಗಟ್ಟಿಗರ ಆಳ್ವಿಕೆ ಹೊಸದಲ್ಲ. ಒಬ್ಬ ಪಟೇಲ, ಒಬ್ಬ ಶಾನುಭೋಗ ಸೇರಿ ಚುರುಕಾಗಿ ತೀರ್ಮಾನ ಕೊಡುತ್ತಿದ್ದ ಕಾಲವನ್ನು ನಮ್ಮ ತಾತಂದಿರು ಬೆನ್ನ ಮೇಲೆ ಹೊತ್ತಿದ್ದಾರೆ. ಪಟೇಲನನ್ನು ಯಾರೂ ಆರಿಸಿರಲಿಲ್ಲ, ಅಧ್ಯಕ್ಷನನ್ನು ಜನ ಆರಿಸುತ್ತಾರೆ, ಅಷ್ಟು ವ್ಯತ್ಯಾಸ ಇದೆ. ಆ ವ್ಯತ್ಯಾಸ ಎಷ್ಟು ದೊಡ್ಡದು ಅನ್ನೋದೇ ಪ್ರಶ್ನೆ.

ಜಗಲಿಯಿಂದ ದಿಲ್ಲಿಗೂ ಈ ಮಾತು ಹೋಗಿದೆ. ಸಂವಿಧಾನ ಸಭೆಯಲ್ಲೇ ಕೆ.ಟಿ. ಷಾ 1948ರ ಡಿಸೆಂಬರಿನಲ್ಲಿ ಕಾರ್ಯಾಂಗ, ಶಾಸಕಾಂಗಗಳನ್ನು ಪೂರ್ತಿ ಬೇರೆ ಮಾಡಬೇಕೆಂದು ತಿದ್ದುಪಡಿ ತಂದು ಸೋತರು. ಅವರ ಉದ್ದೇಶದ ಬಗ್ಗೆ ನನಗೆ ಅನುಮಾನವಿಲ್ಲ. ತುರ್ತುಪರಿಸ್ಥಿತಿ ಕಾಲದಲ್ಲಿ ಅಧ್ಯಕ್ಷೀಯ ಪದ್ಧತಿ ತರೋಣ ಅನ್ನೋ ಟಿಪ್ಪಣಿಯೊಂದು ಕಾಂಗ್ರೆಸ್ಸಿನ ಒಳಗೆ ಹರಿದಾಡಿದಾಗ ಉದ್ದೇಶ ಏನಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ. 1976ರಲ್ಲಿ ಸ್ವರಣ್ ಸಿಂಗ್ ಸಮಿತಿ, ಇರೋ ಪದ್ಧತಿಯೇ ಇರಲಿ ಅಂದಿತು. ಅದೇ ವರ್ಷದ 42ನೇ ತಿದ್ದುಪಡಿ ಲೋಕಸಭೆಯ ಅವಧಿಯನ್ನು ಆರು ವರ್ಷಕ್ಕೆ ಎಳೆದು, ಕೋರ್ಟುಗಳ ಕೈಕಟ್ಟಿ, ಪ್ರಧಾನಿಯ ಕೈಗೆ ಏನೇನು ಬೇಕೋ ಅದನ್ನೆಲ್ಲ ಕೊಟ್ಟಿತು. ಬೋರ್ಡು ಬದಲಾಯಿಸದೆ ಅಂಗಡಿ ಬದಲಾಯಿಸಿದ ಹಾಗೆ. ಮತ್ತೆ 2000ದಲ್ಲಿ ಸಂವಿಧಾನ ಪರಾಮರ್ಶೆಯ ಮಾತೆದ್ದಾಗ, ಸ್ಥಿರತೆ ಬೇಕು ಅನ್ನೋ ರಾಗ ಮತ್ತೆ ಕೇಳಿತು. ಆಗ ರಾಷ್ಟ್ರಪತಿಯಾಗಿದ್ದವರು ಕೆ.ಆರ್. ನಾರಾಯಣನ್. ಜನವರಿ 27ರಂದು ಅವರು ಕೇಳಿದ್ದು ಇಷ್ಟೇ: ಸಂವಿಧಾನ ನಮ್ಮನ್ನು ಸೋಲಿಸಿದೆಯೋ, ನಾವು ಸಂವಿಧಾನವನ್ನು ಸೋಲಿಸಿದ್ದೇವೋ? ಆ ಕುರ್ಚಿಯಲ್ಲಿ ಕೂತು, ದಲಿತನೊಬ್ಬ ಆ ಪ್ರಶ್ನೆ ಕೇಳಿದ್ದು ಸಣ್ಣ ಸಂಗತಿಯಲ್ಲ.

ಆ ಕುರ್ಚಿ ಬಗ್ಗೆ ಒಂದು ಮಾತು. 1997ರಲ್ಲಿ ನಾರಾಯಣನ್, 2017ರಲ್ಲಿ ರಾಮನಾಥ ಕೋವಿಂದ್, 2022ರಲ್ಲಿ ಸಂತಾಲ ಆದಿವಾಸಿ ಹೆಣ್ಣುಮಗಳು ದ್ರೌಪದಿ ಮುರ್ಮು. ಸ್ವಾತಂತ್ರ್ಯಕ್ಕೆ 75 ವರ್ಷ ತುಂಬುವ ಹೊತ್ತಿಗೆ ರಾಷ್ಟ್ರಪತಿ ಭವನಕ್ಕೆ ಮೂವರು ಹೋದರು. ಪ್ರಧಾನಿ ಕುರ್ಚಿಗೆ ಒಬ್ಬರೂ ಹೋಗಲಿಲ್ಲ. ಖಾಲಿ ತಟ್ಟೆಯನ್ನು ನಮ್ಮ ಮುಂದೆ ಇಡೋಕೆ ಇಲ್ಲಿ ಯಾರಿಗೂ ಬೇಜಾರಿಲ್ಲ. ಆ ತಟ್ಟೆಗೆ ಅನ್ನ ಬೀಳೋ ದಿನ ಪಂಕ್ತಿಯೇ ಬದಲಾಗುತ್ತೆ. ರಾಷ್ಟ್ರಪತಿಯ ಕೈಗೇ ಎಲ್ಲ ಅಧಿಕಾರ ಕೊಡೋಣ ಅನ್ನೋರು ಈ ಲೆಕ್ಕವನ್ನು ಸ್ವಲ್ಪ ವಿವರಿಸಲಿ. 2011ರ ಜನಗಣತಿಯಲ್ಲಿ ಪರಿಶಿಷ್ಟ ಜಾತಿಗಳು ನೂರಕ್ಕೆ 16.6. ಅದೂ ಒಂದು ಕಡೆ ಗುಡ್ಡೆಯಾಗಿಲ್ಲ, ಊರಿಗೊಂದು ಕೇರಿಯಾಗಿ ಚದುರಿದೆ. ಇಡೀ ದೇಶವೇ ಒಂದು ಕ್ಷೇತ್ರ, ಇರೋದು ಒಂದೇ ಸೀಟು ಅಂದಾಗ ಅದಕ್ಕೆ ಏರಿಸುವವರು ಯಾರು ಅಂತ ಕೇಳಬೇಕಾ?

ಈಗ ಬಾಬಾಸಾಹೇಬರ ಬಳಿಗೆ ಬರೋಣ. ಈ ವಿಷಯದಲ್ಲಿ ಅವರದ್ದು ಎರಡು ಬರಹಗಳಿವೆ ಅಂತಲೇ ಹೇಳಬೇಕು. ನಮ್ಮ ಮೇಷ್ಟ್ರುಗಳು ಪಾಠ ಮಾಡೋದು ಒಂದನ್ನು ಮಾತ್ರ.

ಪಾಠ ಮಾಡೋದು 1948ರ ನವೆಂಬರ್ 4ರ ಭಾಷಣ. ಸಂವಿಧಾನದ ಕರಡನ್ನು ಸಭೆಯ ಮುಂದಿಡುತ್ತ ಅವರು ಹೇಳಿದ ವಾದ ಹೀಗಿದೆ. ಪ್ರಜಾಪ್ರಭುತ್ವದ ಕಾರ್ಯಾಂಗಕ್ಕೆ ಎರಡು ಗುಣ ಬೇಕು: ಸ್ಥಿರತೆ ಮತ್ತು ಹೊಣೆಗಾರಿಕೆ. ಎರಡನ್ನೂ ಸಮಸಮ ಕೊಡುವ ಪದ್ಧತಿಯನ್ನು ಯಾರೂ ಕಂಡುಹಿಡಿದಿಲ್ಲ. ಅಮೆರಿಕದ ಪದ್ಧತಿಯಲ್ಲಿ ಸ್ಥಿರತೆ ಹೆಚ್ಚು; ಲೆಕ್ಕ ಕೇಳೋದು ಅವಧಿ ಮುಗಿದ ಮೇಲೆ, ಮತದಾರ. ಇಂಗ್ಲೆಂಡಿನ ಪದ್ಧತಿಯಲ್ಲಿ ಹೊಣೆಗಾರಿಕೆ ಹೆಚ್ಚು. ಅಲ್ಲಿ ಅವಧಿ ಲೆಕ್ಕದ ಜೊತೆ ದಿನದ ಲೆಕ್ಕವೂ ಇದೆ. ಪ್ರಶ್ನೆ, ನಿಲುವಳಿ ಸೂಚನೆ, ಅವಿಶ್ವಾಸ ಇವುಗಳ ಮೂಲಕ ಸದಸ್ಯರು ಮಂತ್ರಿಗಳನ್ನು ದಿನಾ ಕೇಳುತ್ತಾರೆ. ನಮ್ಮ ಕರಡು ಸ್ಥಿರತೆಗಿಂತ ಹೊಣೆಗಾರಿಕೆಯನ್ನು ಆರಿಸಿಕೊಂಡಿದೆ ಅಂತ ಅವರು ಸ್ಪಷ್ಟವಾಗಿ ಹೇಳಿದರು. ದಿನದ ಲೆಕ್ಕ ಅನ್ನೋ ಈ ವಿಚಾರ ಬಡವರಿಗೆ ದೊಡ್ಡದು. ಕೂಲಿ ಮಾಡೋರಿಗೆ ಗೊತ್ತು, ದಿನದ ಬಟವಾಡೆಗೂ ವರ್ಷದ ಕೊನೆಗೆ ಕೊಡ್ತೀನಿ ಅನ್ನೋ ಜೀತದ ಲೆಕ್ಕಕ್ಕೂ ಇರೋ ಅಂತರ.

ಪಾಠ ಮಾಡದೇ ಇರೋದು ಒಂದೂವರೆ ವರ್ಷದ ಹಿಂದಿನ ಬರಹ. 1947ರಲ್ಲಿ ಅಖಿಲ ಭಾರತ ಪರಿಶಿಷ್ಟ ಜಾತಿಗಳ ಒಕ್ಕೂಟದ ಪರವಾಗಿ ಅವರು ಸಂವಿಧಾನ ಸಭೆಗೆ ಕೊಟ್ಟ ಮನವಿ, 'ಸ್ಟೇಟ್ಸ್ ಅಂಡ್ ಮೈನಾರಿಟೀಸ್'. ಭೂಮಿಯನ್ನು ರಾಷ್ಟ್ರದ ಸ್ವತ್ತು ಮಾಡಬೇಕು ಅನ್ನೋ ಕಲಮಿಗಾಗಿ ನಮ್ಮ ಸಂಘಟನೆಯ ಗೆಳೆಯರು ಇದನ್ನು ನೆನೆಯುತ್ತಾರೆ. ಅದರಲ್ಲೇ ಇರುವ ಕಾರ್ಯಾಂಗದ ಕಲಮನ್ನು ಓದಿದವರು ಕಡಿಮೆ. ಅಲ್ಲಿ ಬಾಬಾಸಾಹೇಬರು, ಇಂಗ್ಲೆಂಡಿನ ಪದ್ಧತಿ ಇಂಡಿಯಾಕ್ಕೆ ಒಗ್ಗೋದಿಲ್ಲ ಅನ್ನುತ್ತಾರೆ. ಕಾರಣ? ಇಂಗ್ಲೆಂಡಿನಲ್ಲಿ ಬಹುಮತ ಅನ್ನೋದು ರಾಜಕೀಯದ್ದು. ಇವತ್ತು ಈ ಪಕ್ಷ, ನಾಳೆ ಆ ಪಕ್ಷ. ಇಲ್ಲಿ ಬಹುಮತ ಅನ್ನೋದು ಹುಟ್ಟಿನದ್ದು. ಹುಟ್ಟಿನಿಂದ ಬಂದ ಬಹುಮತ ಚುನಾವಣೆಯಲ್ಲಿ ಸೋಲೋದೇ ಇಲ್ಲ. ಅದರ ಕೈಗೆ ಮಂತ್ರಿಮಂಡಲವನ್ನೂ ಕೊಟ್ಟರೆ ಮೇಲುಜಾತಿಗಳಿಗೆ ದೇಶ ಬರೆದುಕೊಟ್ಟ ಹಾಗೆ.

ಹಾಗಂತ ಅವರು ಅಮೆರಿಕದ ಕಡೆಗೂ ಹೋಗಲಿಲ್ಲ. ಅವರು ಹಾಕಿದ ನಕ್ಷೆಯೇ ಬೇರೆ. ಪ್ರಧಾನಿಯನ್ನು ಇಡೀ ಸದನ ಆರಿಸಬೇಕು. ಅಲ್ಪಸಂಖ್ಯಾತರ ಮಂತ್ರಿಗಳನ್ನು ಆಯಾ ಅಲ್ಪಸಂಖ್ಯಾತ ಸಮುದಾಯದ ಸದಸ್ಯರೇ ಆರಿಸಬೇಕು. ಪರಿಶಿಷ್ಟ ಜಾತಿಗಳನ್ನೂ ಅವರು ಅಲ್ಪಸಂಖ್ಯಾತರ ಸಾಲಿನಲ್ಲೇ ಇಟ್ಟಿದ್ದರು. ಬಹುಸಂಖ್ಯಾತರ ಮಂತ್ರಿಗಳನ್ನು ಮಾತ್ರ ಇಡೀ ಸದನ, ಅಂದರೆ ನಾವೂ ಸೇರಿ, ಆರಿಸಬೇಕು. ಇದನ್ನು ಎರಡು ಸಲ ಓದಿ. ನಮ್ಮವನನ್ನು ಆರಿಸುವಾಗ ಅವರಿಗೆ ಮತವಿಲ್ಲ. ಅವರವನನ್ನು ಆರಿಸುವಾಗ ನಮಗೆ ಮತವಿದೆ. ಮಂತ್ರಿಗಳು ಸದನದಲ್ಲಿ ಕೂತು ಉತ್ತರ ಕೊಡಬೇಕು, ಆದರೆ ಲಂಚ ಅಥವಾ ದ್ರೋಹದ ದೋಷಾರೋಪಣೆ ಸಾಬೀತಾಗದೆ ಅವಧಿ ಮುಗಿಯೋ ಮುಂಚೆ ಯಾರೂ ಇಳಿಸೋ ಹಾಗಿಲ್ಲ. ಚಿಕ್ಕವ್ವ ಕೇಳಿದ ಪ್ರಶ್ನೆಗೆ 1947ರಲ್ಲೇ ಉತ್ತರ ಬರೆದಿಟ್ಟಿದ್ದರು.

ಹಾಗಾದರೆ 1948ರಲ್ಲಿ ಯಾಕೆ ಬೇರೆ ಮಾತಾಡಿದರು? ಕೆಲವರು ವಿಚಾರ ಬದಲಾಯಿತು ಅನ್ನುತ್ತಾರೆ. ನನಗೆ ಹಾಗೆ ಅನ್ನಿಸೋದಿಲ್ಲ. ಅವರು ಕರಡು ಸಮಿತಿಗೆ ಬಂದದ್ದು 1947ರ ಆಗಸ್ಟ್ ಕೊನೆಗೆ. ಅಷ್ಟರಲ್ಲಿ ನೆಹರೂ ಅಧ್ಯಕ್ಷತೆಯ ಸಮಿತಿ ಸಂಸದೀಯ ಪದ್ಧತಿಯನ್ನು ತೀರ್ಮಾನ ಮಾಡಿಯಾಗಿತ್ತು. ಸಭೆ ಕೊಟ್ಟ ಅಳತೆಗೆ ಅಂಗಿ ಹೊಲಿಯಬೇಕಾದ ಕೆಲಸ ಅದು. 1948ರದ್ದು ಸಭೆಯ ಪರವಾಗಿ ಮಾಡಿದ ವಾದ. 1947ರದ್ದು ನಮ್ಮ ಪರವಾಗಿ ಮಾಡಿದ್ದು. ಎರಡರಲ್ಲೂ ನಿಜ ಇದೆ. ಒಂದನ್ನೇ ಓದಿ ಜೈಭೀಮ್ ಅಂದರೆ ಅರ್ಧ ಅಂಬೇಡ್ಕರ್.

ಆ ದಿನದ ಲೆಕ್ಕದ ಗತಿ ಏನಾಯ್ತು ಅನ್ನೋದನ್ನ ಅವರೇ ಕಣ್ಣಾರೆ ಕಂಡರು. 1951ರಲ್ಲಿ ಹಿಂದೂ ಕೋಡ್ ಬಿಲ್ ಮೂಲೆಗೆ ಬಿದ್ದಾಗ ಕಾನೂನು ಮಂತ್ರಿ ಪದವಿ ಬಿಟ್ಟರು. ಅಕ್ಟೋಬರ್ 11ರಂದು ರಾಜೀನಾಮೆ ಹೇಳಿಕೆ ಓದೋಕೆ ಎದ್ದರೆ, ಮೊದಲು ಪ್ರತಿ ಕೊಡಿ, ಆಮೇಲೆ ಓದಿ ಅಂತ ಸಭಾಪೀಠದಿಂದ ಅಪ್ಪಣೆ. ಬಾಬಾಸಾಹೇಬರು ಎದ್ದು ಹೊರಗೆ ನಡೆದರು, ಹೇಳಿಕೆಯನ್ನು ಪತ್ರಿಕೆಯವರಿಗೆ ಕೊಟ್ಟರು. ಮುಂದೆ 1952ರ ಚುನಾವಣೆಯಲ್ಲಿ ಬೊಂಬಾಯಿಯಲ್ಲಿ ಸೋತರು, 1954ರ ಭಂಡಾರ ಮರುಚುನಾವಣೆಯಲ್ಲಿ ಸೋತರು. ಗೆದ್ದು ಬಂದವರು ಕೇರಿಯ ಮತದಿಂದ ಬಂದವರೋ, ಊರಿನ ಮತದಿಂದ ಬಂದವರೋ? 1932ರ ಪೂನಾ ಒಪ್ಪಂದದ ಫಲ ಅದು.

ನಮ್ಮ ನಾಡಿನಲ್ಲೇ ನೋಡಿ. ಸಂಸದೀಯ ಪದ್ಧತಿ ನಿಧಾನ, ಅಭಿವೃದ್ಧಿಗೆ ಅಡ್ಡಿ ಅನ್ನೋ ಮಾತು ಪೂರ್ತಿ ಸುಳ್ಳು. ದೇವರಾಜ ಅರಸರ ಭೂಸುಧಾರಣೆಯ 1974ರ ತಿದ್ದುಪಡಿ ಈ ವಿಧಾನಸಭೆಯಲ್ಲೇ ಆದದ್ದು. ಗೇಣಿದಾರರಿಗೆ ಭೂಮಿ ಸಿಕ್ಕಿತು. (ಗೇಣಿ ಕೂಡ ಇಲ್ಲದ ನಮ್ಮ ಕೂಲಿಕಾರರ ಕೈಗೆ ಬಂದದ್ದು ಅತ್ಯಲ್ಪ, ಅದು ಬೇರೆ ಲೇಖನದ ಮಾತು.) ಆದರೆ ಅದೇ ಅರಸರ ಸಂಪುಟದಲ್ಲಿ ಬಿ. ಬಸವಲಿಂಗಪ್ಪ ಇದ್ದರು. ತಲೆ ಮೇಲೆ ಮಲ ಹೊರೋದನ್ನ ನಿಲ್ಲಿಸಿದ ಮಂತ್ರಿ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಗ್ಗೆ ಒಂದು ಮಾತಾಡಿದರು, ಬೂಸಾ ಅಂದರು. ನಾಡೆಲ್ಲ ಹೊತ್ತಿಕೊಂಡಿತು, ಹಾಸ್ಟೆಲಿನ ನಮ್ಮ ಹುಡುಗರು ಏಟು ತಿಂದರು, ಮಂತ್ರಿ ಮನೆಗೆ ಹೋದರು. ನಮ್ಮ ಚಳವಳಿ ಹುಟ್ಟಿದ್ದು ಅಲ್ಲಿಂದ ಅಂತ ನಾವೆಲ್ಲ ಹೇಳುತ್ತೇವೆ. ರಾಜ್ಯಶಾಸ್ತ್ರದ ಕಣ್ಣಿನಿಂದ ಅದನ್ನು ಯಾರೂ ನೋಡಿಲ್ಲ. ಬಸವಲಿಂಗಪ್ಪನವರನ್ನು ಮಂತ್ರಿ ಮಾಡಿದ್ದು ಮುಖ್ಯಮಂತ್ರಿ. ಉಳಿಸೋದೂ ಇಳಿಸೋದೂ ಅವರದೇ ಇಷ್ಟ, ಅವರ ಹಿಂದಿನ ಬಹುಮತದ ಇಷ್ಟ. 1947ರ ಕಲಮು ಜಾರಿಯಲ್ಲಿದ್ದಿದ್ದರೆ ಬೂಸಾ ಅಂದ ಮಂತ್ರಿಯನ್ನು ಬೈಯಬಹುದಿತ್ತು, ಸದನಕ್ಕೆ ಕರೆಸಿ ಕೇಳಬಹುದಿತ್ತು, ಇಳಿಸೋಕೆ ಆಗುತ್ತಿರಲಿಲ್ಲ.

ಇನ್ನು 1979. ಮೊರಾರ್ಜಿ ಸರ್ಕಾರ ಬಿತ್ತು. ಚರಣ್ ಸಿಂಗ್ ಪ್ರಧಾನಿಯಾಗಿ ಲೋಕಸಭೆಯ ಮುಖ ನೋಡದೆ ರಾಜೀನಾಮೆ ಕೊಟ್ಟರು. ಜನತಾ ಪಕ್ಷದ ನಾಯಕರಾಗಿ ಜಗಜೀವನ ರಾಂ ಅವಕಾಶ ಕೇಳುತ್ತಲೇ ಇದ್ದರು. ರಾಷ್ಟ್ರಪತಿ ಸಂಜೀವ ರೆಡ್ಡಿ ಅವರನ್ನು ಕರೆಯಲಿಲ್ಲ, ಆಗಸ್ಟ್ 22ರಂದು ಸದನವನ್ನೇ ವಿಸರ್ಜಿಸಿದರು. ಬಹುಮತ ಇತ್ತೋ ಇಲ್ಲವೋ ಅಂತ ಸದನದಲ್ಲಿ ಎಣಿಸಬೇಕಿತ್ತು. ಎಣಿಸೋ ಮುಂಚೆ ಬಾಗಿಲು ಹಾಕಿದರು. ಜಗಜೀವನ ರಾಂ ರಾಜಕೀಯದ ಬಗ್ಗೆ ನನಗೆ ತಕರಾರು ಬೇಕಾದಷ್ಟಿದೆ. ಆದರೂ ಆ ಬಾಗಿಲ ಸದ್ದು ನನಗೆ ಈಗಲೂ ಕೇಳಿಸುತ್ತೆ, ನಾನಿನ್ನೂ ಹುಟ್ಟಿರದಿದ್ದ ಕಾಲದ್ದಾದರೂ.

ಇಷ್ಟೆಲ್ಲ ಕಂಡ ಮೇಲೆ, ಸಂಸದೀಯ ಪದ್ಧತಿ ಕೈಕೊಟ್ಟಿತು, ಅಧ್ಯಕ್ಷೀಯವನ್ನೇ ನೋಡಿಬಿಡೋಣ ಅಂತ ನಮ್ಮವರಲ್ಲೇ ಕೆಲವರು ಅನ್ನಬಹುದು. ಅವರು ಪಕ್ಕದ ಮನೆಯ ಕಡೆ ನೋಡಲಿ. ಶ್ರೀಲಂಕಾ ನಮ್ಮ ಹಾಗೇ ಬಡದೇಶ, ಮೂವತ್ತು ವರ್ಷ ಸಂಸದೀಯ ಪದ್ಧತಿ ನಡೆಸಿತು. ಆ ಪದ್ಧತಿಯಲ್ಲೇ, 1948ರಲ್ಲಿ, ಟೀ ತೋಟದ ತಮಿಳು ಕೂಲಿಗಳ ಪೌರತ್ವವನ್ನು ಬಹುಮತದಿಂದ ಕಿತ್ತುಕೊಂಡರು. 1956ರಲ್ಲಿ ಸಿಂಹಳವೊಂದೇ ಆಡಳಿತ ಭಾಷೆ ಅಂತ ಬಹುಮತದಿಂದ ಕಾಯ್ದೆ ಮಾಡಿದರು. ಹುಟ್ಟಿನ ಬಹುಮತ ಅಂದರೆ ಏನು ಅಂತ 1947ರ ಬರಹ ಹೇಳಿದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. 1978ರಲ್ಲಿ ಜೆ.ಆರ್. ಜಯವರ್ಧನೆ, ಅಭಿವೃದ್ಧಿಗೆ ಬಲವಾದ ಕೈ ಬೇಕು ಅಂತ ಅಧ್ಯಕ್ಷೀಯ ಪದ್ಧತಿ ತಂದು ತಾವೇ ಅಧ್ಯಕ್ಷರಾದರು. 1982ರಲ್ಲಿ ತಮ್ಮ ಪಕ್ಷದ ಸಂಸದರಿಂದ ತಾರೀಕು ಹಾಕದ ರಾಜೀನಾಮೆ ಪತ್ರ ಬರೆಸಿ ಜೇಬಿನಲ್ಲಿಟ್ಟುಕೊಂಡರು. ಅದೇ ವರ್ಷ ಪಾರ್ಲಿಮೆಂಟಿನ ಚುನಾವಣೆಯನ್ನೇ ನಡೆಸದೆ, ಜನಮತಗಣನೆ ಮಾಡಿ ಅದರ ಅವಧಿಯನ್ನು ಆರು ವರ್ಷ ಮುಂದಕ್ಕೆ ಹಾಕಿದರು. 1983ರ ಜುಲೈನಲ್ಲಿ ಕೊಲಂಬೊದ ಬೀದಿಯಲ್ಲಿ ತಮಿಳರನ್ನು ಸುಟ್ಟರು.

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಇಡೀ ದೇಶ ಒಂದೇ ಕ್ಷೇತ್ರವಾದರೆ, ಸ್ಪರ್ಧೆ ಬಿಗಿಯಾದಾಗ ಅಲ್ಪಸಂಖ್ಯಾತರ ಮತಕ್ಕೆ ಬೆಲೆ ಬರುತ್ತೆ. 2015ರಲ್ಲಿ ಸಿರಿಸೇನಾ ಗೆದ್ದದ್ದು ತಮಿಳರ, ಮುಸ್ಲಿಮರ ಮತ ಸೇರಿಯೇ. ಆದರೆ 2019ರಲ್ಲಿ ಗೋಟಬಯ ರಾಜಪಕ್ಸ, ಸಿಂಹಳರ ಮತವೊಂದರಿಂದಲೇ ಗೆಲ್ಲಬಹುದು ಅಂತ ತೋರಿಸಿಬಿಟ್ಟರು. 2021ರ ಏಪ್ರಿಲಿನಲ್ಲಿ ಅವರ ಸರ್ಕಾರ ದೇಶಕ್ಕೆ ರಾಸಾಯನಿಕ ಗೊಬ್ಬರ ಬರೋದನ್ನ ನಿಲ್ಲಿಸಿತು. ಚುರುಕು ತೀರ್ಮಾನ ಅಂದರೆ ಇದೇ. ನಾಟಿ ಮಾಡೋ ರೈತನನ್ನು ಯಾರೂ ಕೇಳಲಿಲ್ಲ. ಭತ್ತ ಬಿತ್ತು, ಟೀ ಬಿತ್ತು, ನವೆಂಬರಿನಲ್ಲಿ ಹಿಂದೆ ಸರಿಯೋ ಹೊತ್ತಿಗೆ ತಡವಾಗಿತ್ತು. ಮಾರನೇ ವರ್ಷ ಡೀಸೆಲ್ಲಿಲ್ಲ, ಔಷಧಿಯಿಲ್ಲ. ಸ್ಥಿರತೆಯ ಪದ್ಧತಿಯಲ್ಲವೇ, ಇಳಿಸೋಕೆ ಸುಲಭದ ದಾರಿ ಇರಲಿಲ್ಲ. 2022ರ ಜುಲೈ 9ರಂದು ಜನವೇ ಅಧ್ಯಕ್ಷರ ಮನೆಗೆ ನುಗ್ಗಬೇಕಾಯ್ತು. ಅವರು ದೇಶ ಬಿಟ್ಟು ಓಡಿ, ಸಿಂಗಾಪುರದಿಂದ ರಾಜೀನಾಮೆ ಕಳಿಸಿದರು.

ಹಾಗಾಗಿ ಒಂದೇ ಕುರ್ಚಿಯ ಪದ್ಧತಿಗೆ ನನ್ನ ಮತವಿಲ್ಲ. ಅಲ್ಲಿ ಏರಿಸೋದರಲ್ಲಿ ನಮಗೆ ಪಾಲು ಕಡಿಮೆ, ಇಳಿಸೋದರಲ್ಲಿ ಪಾಲೇ ಇಲ್ಲ. ಆದರೆ ಈಗಿರುವ ಸಂಸತ್ತಿಗೆ ಮಂಗಳಾರತಿ ಎತ್ತೋಕೂ ನಾನು ತಯಾರಿಲ್ಲ. 1985ರ ಪಕ್ಷಾಂತರ ನಿಷೇಧ ಕಾಯ್ದೆ ಬಂದ ಮೇಲೆ, ಪಕ್ಷದ ವಿಪ್ ಮೀರಿ ಮತ ಹಾಕಿದ ಸದಸ್ಯ ಸೀಟು ಕಳೆದುಕೊಳ್ಳುತ್ತಾನೆ. ಸೂಟ್‌ಕೇಸು ರಾಜಕೀಯ ನಿಲ್ಲಿಸೋಕೆ ತಂದದ್ದು ಅಂದರು. ಸೂಟ್‌ಕೇಸು ನಿಲ್ಲಲಿಲ್ಲ, ಪ್ರಶ್ನೆ ನಿಂತಿತು. ಲೋಕಸಭೆಯಲ್ಲಿ ಪರಿಶಿಷ್ಟ ಜಾತಿಗೆ ಮೀಸಲಾದ ಸೀಟು 84. ನಮ್ಮ ವಿಧಾನಸಭೆಯಲ್ಲಿ 36. ಇವರಿಗೆ ಟಿಕೆಟ್ ಕೊಡೋದು ಪಕ್ಷ, ಗೆಲ್ಲಿಸೋದು ಕ್ಷೇತ್ರದ ಬಹುಸಂಖ್ಯಾತರು, ಬಾಯಿಗೆ ಬೀಗ ಹಾಕೋದು ವಿಪ್. ಒಂದು ಹತ್ಯಾಕಾಂಡ ಆದಾಗ ಈ 84 ಜನ ಪಕ್ಷ ಬಿಟ್ಟು ಒಟ್ಟಿಗೆ ಎದ್ದು ನಿಂತದ್ದನ್ನ ನಾನು ಕಂಡಿಲ್ಲ. ಬಾಬಾಸಾಹೇಬರು ಹೇಳಿದ ದಿನದ ಲೆಕ್ಕ ಕೇಳುವವರು ಇವರೇ ಆಗಬೇಕಿತ್ತು.

ತಮಿಳುನಾಡಿನ ಕಡೆ ಗ್ರಾಮ ಪಂಚಾಯ್ತಿ ಅಧ್ಯಕ್ಷರನ್ನು ಮೆಂಬರುಗಳು ಆರಿಸೋದಿಲ್ಲ, ಜನರೇ ನೇರ ಆರಿಸುತ್ತಾರೆ. ನಮ್ಮಲ್ಲಿರೋದು ಸಣ್ಣ ಸಂಸತ್ತಾದರೆ ಅಲ್ಲಿರೋದು ಸಣ್ಣ ಅಧ್ಯಕ್ಷಗಿರಿ. ಹಾಗಾದರೆ ಅಲ್ಲಿ ಚಿಕ್ಕವ್ವನಂಥವರು ಉಳಿದರಾ? ಮಧುರೆ ಜಿಲ್ಲೆಯ ಮೇಲವಳವಿನಲ್ಲಿ ಮೀಸಲು ಸ್ಥಾನದಿಂದ ಅಧ್ಯಕ್ಷರಾಗಿ ಗೆದ್ದ ಮುರುಗೇಶನ್ ಅವರನ್ನು 1997ರ ಜೂನ್ 30ರಂದು, ಬಸ್ಸು ನಿಲ್ಲಿಸಿ, ಜೊತೆಯವರ ಸಮೇತ ಕಡಿದು ಹಾಕಿದರು. ಪಾಪಾಪಟ್ಟಿ, ಕೀರಿಪಟ್ಟಿ ಥರದ ಊರುಗಳಲ್ಲಿ 1996ರಿಂದ ಹತ್ತು ವರ್ಷ ದಲಿತ ಅಧ್ಯಕ್ಷನೇ ಇರದ ಹಾಗೆ ನೋಡಿಕೊಂಡರು. ನಾಮಪತ್ರ ಹಾಕಲು ಬಿಡಲಿಲ್ಲ, ಗೆದ್ದವನ ಕೈಲಿ ಕೂಡಲೇ ರಾಜೀನಾಮೆ ಬರೆಸಿದರು. ಸರಿಯಾದ ಚುನಾವಣೆ ಆದದ್ದು 2006ರಲ್ಲಿ. ನಮ್ಮ ಕಡೆ ಅವಿಶ್ವಾಸದಿಂದ ಇಳಿಸುತ್ತಾರೆ, ಅಲ್ಲಿ ಮಚ್ಚಿನಿಂದ.

1947ರ ಕಲಮು ಇದಕ್ಕೆಲ್ಲ ಮದ್ದು ಅಂತ ನಾನು ಹೇಳುತ್ತಿಲ್ಲ. ಅದರ ಮೇಲೂ ತಕರಾರುಗಳಿವೆ. ಇಳಿಸಲಾಗದ ಮಂತ್ರಿ ನಮ್ಮವನೇ ಆದರೂ ನಮ್ಮನ್ನೇ ಮಾರಿಕೊಂಡರೆ? ಸಮುದಾಯವಾರು ಪಾಲು ಹಾಕಿದರೆ ಆ ಪಾಲು ಕಲ್ಲಾಗಿ ಕೂರುತ್ತೆ ಅನ್ನೋ ಭಯವೂ ಸುಳ್ಳಲ್ಲ. ಲೆಬನಾನಿನಲ್ಲಿ 1943ರಿಂದ ಅಧ್ಯಕ್ಷಗಿರಿ ಒಂದು ಪಂಥಕ್ಕೆ, ಪ್ರಧಾನಿಗಿರಿ ಇನ್ನೊಂದಕ್ಕೆ ಅಂತ ಹಂಚಿಕೊಂಡು ಕೂತ ಮೇಲೆ ಜನ ಪಂಥದಾಚೆಗೆ ಯೋಚಿಸೋದೇ ಕಷ್ಟವಾಯಿತು. ಪರಿಶಿಷ್ಟ ಜಾತಿ ಅಂತ ಒಂದೇ ಹೆಸರಿನಲ್ಲಿ ಆರಿಸಿದರೆ, ನಮ್ಮೊಳಗೇ ಸಂಖ್ಯೆ ಕಡಿಮೆ ಇರೋ ಜಾತಿಗಳವರ ಗತಿ ಏನು? ಒಳಮೀಸಲಾತಿಗಾಗಿ ಮೂರು ದಶಕ ಬೀದಿಯಲ್ಲಿ ತಮಟೆ ಬಡಿದವರಿಗೆ ಈ ಪ್ರಶ್ನೆ ಚೆನ್ನಾಗಿ ಗೊತ್ತು. ಹೆಂಗಸರ ವಿಷಯದಲ್ಲಂತೂ ಆ ಕಲಮು ಮೌನವಾಗಿದೆ. ಕೇರಿಯೋರು ಆರಿಸಬೇಕು ಅಂದಾಗ ಕೇರಿಯ ಗಂಡಸರು ಯಾರನ್ನ ಆರಿಸುತ್ತಾರೆ ಅನ್ನೋದು ನಮಗೆ ಗೊತ್ತಿಲ್ಲದ್ದೇನಲ್ಲ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಬಾಬಾಸಾಹೇಬರ ಸಮಗ್ರ ಬರಹಗಳ ಮೊದಲ ಇಂಗ್ಲಿಷ್ ಸಂಪುಟದಲ್ಲಿ ಆ ಮನವಿ ಪೂರ್ತಿ ಇದೆ. ಸಂಘಟನೆಯ ಗೆಳೆಯರು, ಹೈಸ್ಕೂಲಿನಲ್ಲಿ ಪೌರನೀತಿ ಪಾಠ ಮಾಡುವ ಮೇಷ್ಟ್ರುಗಳು ಅದನ್ನು ತೆಗೆದು ಓದಿ, ಒಪ್ಪದಿದ್ದರೆ ಪತ್ರಿಕೆಗೆ ಬರೆಯಲಿ. ಚಿಕ್ಕವ್ವನಿಗೂ ಓದಿ ಹೇಳಬೇಕು ಅಂತಿದ್ದೀನಿ. ಈ ಸಲ ಅವಳು ಮತ್ತೆ ಚುನಾವಣೆಗೆ ನಿಲ್ಲುತ್ತಾಳಂತೆ, ಮೀಸಲಾತಿ ಇಲ್ಲದ ವಾರ್ಡಿನಲ್ಲಿ.